ನಾಯಿಗೂ ಅಳಬೇಕೇ?

ನಮ್ಮ ಭಾಷೆ ನಾಯಿಗೆ ಮಾಡಿದಷ್ಟು ಅನ್ಯಾಯವನ್ನು ಬೇರಾವ ಸಾಕುಪ್ರಾಣಿಗೂ ಮಾಡಿದಂತಿಲ್ಲ. ಕಷ್ಟದ ಬದುಕಿಗೆ ನಾಯಿಪಾಡು ಎಂದು ಹೆಸರು. ತಿದ್ದಿದರೂ ತಿದ್ದದ ಸ್ವಭಾವಕ್ಕೆ ನಾಯಿ ಬಾಲದ ಹೋಲಿಕೆ. ಒಬ್ಬರಿಗೆ ಹೇಳಿದ ಕೆಲಸವನ್ನು ಅವರು ಇನ್ನೊಬ್ಬರ ಮೇಲೆ ಹಾಕಿದರೆ, ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ ಎಂದು ನಗುತ್ತೇವೆ. ಬೈಯಲು ಬೇರೆ ಮಾತು ತೋಚದಿದ್ದಾಗ ಮೊದಲು ಬಾಯಿಗೆ ಬರುವುದು ಅದರ ಹೆಸರೇ. ಇಷ್ಟೆಲ್ಲ ಅನ್ನಿಸಿಕೊಂಡೂ ರಾತ್ರಿ ನಮ್ಮ ಬಾಗಿಲು ಕಾಯುವುದು ಮಾತ್ರ ಅದೇ ನಾಯಿ!

ಇಂಥ ಮಾತುಗಳ ನಡುವೆ ಬೆಳೆದದ್ದರಿಂದಲೋ ಏನೋ, ಸಾಕಿದ ನಾಯಿ ಸತ್ತಾಗ ಬಾಯಿ ಬಿಟ್ಟು ಅಳಲು ನಮಗೆ ನಾಚಿಕೆ. ಕಣ್ಣಲ್ಲಿ ನೀರು ಬಂದರೆ ಕಸ ಬಿತ್ತೆಂದು ಸೆರಗಿನಿಂದ ಒರೆಸಿಕೊಳ್ಳುತ್ತೇವೆ. ದೊಡ್ಡವರು ಹೇಗೋ ನಿಭಾಯಿಸಿಕೊಂಡಾರು. ಆದರೆ ಮಕ್ಕಳು? ‘ನಾಯಿ ಸತ್ತದ್ದಕ್ಕೆ ಇಷ್ಟು ಅಳುವುದೇ?’ ಎಂಬ ಒಂದು ಮಾತಿನಿಂದ ಅವರ ಬಾಯಿ ಮುಚ್ಚಿಸಿಬಿಡುತ್ತೇವೆ. ಮುಚ್ಚಿದ ಬಾಯಿಯ ಹಿಂದೆ ದುಃಖ ಹಾಗೇ ಉಳಿಯುತ್ತದೆ.

ನಮ್ಮೂರು ದೇಗಾಂವ. ಕಿತ್ತೂರಿನಿಂದ ಕೆಲವೇ ಕಿಲೋಮೀಟರು. ಹೊರಗಿನವರಿಗೆ ಊರಿನ ಹೆಸರು ಗೊತ್ತಿರುವುದು ಕಮಲನಾರಾಯಣ ಗುಡಿಯಿಂದ. ಗೋವೆಯ ಕದಂಬರ ಅರಸ ಪೆರ್ಮಾಡಿಯ ರಾಣಿ ಕಮಲಾದೇವಿ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ನಮ್ಮ ಮನೆಗೆ ಮಾತ್ರ ಗುಡಿಗಿಂತ ಹೊಲದ ಚಿಂತೆಯೇ ಹೆಚ್ಚು. ಬೆಳೆ ಕೈಗೆ ಬರುವ ಹೊತ್ತಿಗೆ ಹಂದಿಗಳ ಕಾಟ. ಆದ್ದರಿಂದಲೇ 1987ರಲ್ಲಿ ನಮ್ಮ ಸೋದರಮಾವ ಬೈಲಹೊಂಗಲದ ಸಂತೆ ಮುಗಿಸಿ ಬರುವಾಗ ಕೈಚೀಲದಲ್ಲಿ ಒಂದು ಮರಿ ಹಾಕಿಕೊಂಡು ಬಂದರು. ಚೀಲದಲ್ಲಿದ್ದ ಉಳ್ಳಾಗಡ್ಡಿಯ ಮೇಲೆ ಅದು ನಿದ್ದೆ ಮಾಡಿತ್ತು.

ಅಪ್ಪ ಮೊದಲ ದಿನ ಗದರಿದರು. ‘ಇದನ್ನ ಯಾರು ನೋಡಿಕೋತಾರ?’ ಎಂದರು. ಎಂಟು ದಿನ ಕಳೆಯುವುದರೊಳಗೆ ಹೊಲದಿಂದ ಬಂದವರೇ ಚಪ್ಪಲಿ ಬಿಡುವ ಮೊದಲು ‘ಮೋತ್ಯಾ’ ಎಂದು ಕೂಗತೊಡಗಿದರು. ಹೆಸರು ಹಾಗೇ ನಿಂತಿತು. ನಮ್ಮ ಮನೆಯಲ್ಲಿ ಅವನನ್ನು ‘ಅದು’ ಎಂದವರಿಲ್ಲ. ‘ಅಂವ ಉಂಡಾನೇನು?’, ‘ಅಂವ ಎಲ್ಲಿದ್ದಾನ?’ ಎಂದೇ ಮಾತು.

ಮನೆಗೆ ಬಂದವರು ‘ಯಾವ ಜಾತಿ ನಾಯಿ?’ ಎಂದು ಕೇಳುತ್ತಿದ್ದರು. ನಮ್ಮ ಕಡೆ ಒಳ್ಳೆಯ ನಾಯಿಯೆಂದರೆ ಮುಧೋಳದ ನಾಯಿ. ತೆಳು ಸೊಂಟ, ಉದ್ದ ಕಾಲು, ಬೇಟೆಗೆ ಹೆಸರಾದ ತಳಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನೂ ಹೊರತಂದಿತು. ಮೋತ್ಯಾ ಯಾವ ಅಂಚೆಚೀಟಿಗೂ ಸಲ್ಲುವವನಲ್ಲ. ಕಂದು ಮೈ, ಒಂದು ಕಿವಿ ನಿಂತದ್ದು, ಇನ್ನೊಂದು ಬಿದ್ದದ್ದು. ಅಪ್ಪ ಮಾತ್ರ ಗಂಭೀರವಾಗಿ ‘ದೇಗಾಂವ ಜಾತಿ’ ಎಂದು ಹೇಳಿ ಬಂದವರನ್ನು ಗೊಂದಲಕ್ಕೆ ಕೆಡವುತ್ತಿದ್ದರು.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ಕೊನೆಯ ರೊಟ್ಟಿ ಮೋತ್ಯಾನ ಲೆಕ್ಕಕ್ಕೆ. ಅದು ಉಳಿದ ರೊಟ್ಟಿಯಲ್ಲ, ಅವನಿಗೆಂದೇ ಬಡಿದದ್ದು. ಮಜ್ಜಿಗೆಯಲ್ಲಿ ನೆನೆಸಿ, ಆರಿದ ಮೇಲೆ ಹಾಕುತ್ತಿದ್ದಳು. ಹೊಲದಲ್ಲಿ ಅಟ್ಟಣಿಗೆಯ ಮೇಲೆ ಅಪ್ಪ ಮಲಗಿದರೆ ಕೆಳಗೆ ಅವನು. ಹಂದಿಗಳು ಬಂದ ಸುಳಿವು ಅಪ್ಪನ ಬ್ಯಾಟರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಬೆಳಿಗ್ಗೆ ಮನೆಗೆ ಬಂದು ಒಂದು ನಿದ್ದೆ ತೆಗೆದು, ನನ್ನ ತಂಗಿಯ ಹಿಂದೆ ಶಾಲೆಯ ಬಾಗಿಲತನಕ ಹೋಗಿ ಬರುವುದು ಅವನ ಇನ್ನೊಂದು ನೌಕರಿ. ಒಳಗೆ ಕಾಲಿಡುತ್ತಿರಲಿಲ್ಲ. ಯಾರೂ ಕಲಿಸಿದ್ದಲ್ಲ.

ಇಲ್ಲಿ ಒಂದು ಲೆಕ್ಕವಿದೆ. ನಾಯಿಯ ಆಯುಷ್ಯ ಸಾಮಾನ್ಯವಾಗಿ ಹತ್ತರಿಂದ ಹದಿಮೂರು ವರ್ಷ. ಮಗು ಹುಟ್ಟುವ ಹೊತ್ತಿಗೆ ಮನೆಗೆ ಬಂದ ನಾಯಿ, ಆ ಮಗು ನಾಲ್ಕನೆಯದೋ ಐದನೆಯದೋ ಇಯತ್ತೆಗೆ ಬರುವಾಗ ಮುದಿಯಾಗಿರುತ್ತದೆ. ಹೀಗಾಗಿ ಎಷ್ಟೋ ಮಕ್ಕಳು ಬದುಕಿನಲ್ಲಿ ಹತ್ತಿರದಿಂದ ನೋಡುವ ಮೊದಲ ಸಾವು ಮನೆಯ ನಾಯಿಯದೇ. ತಂಗಿ ಹುಟ್ಟಿದ್ದು 1989ರಲ್ಲಿ. ಅವಳಿಗಿಂತ ಎರಡು ವರ್ಷ ಮೊದಲೇ ಬಂದವನು ಮೋತ್ಯಾ. ಅವಳ ಪಾಲಿಗೆ ಅವನಿಲ್ಲದ ಮನೆಯೆಂಬುದೇ ಇರಲಿಲ್ಲ. ಮನೆಗೆ ಬಾವಿ ಇರುವಂತೆ, ಅಂಗಳ ಇರುವಂತೆ ಅವನೂ ಇದ್ದ.

1998ರ ಮಳೆಗಾಲದಲ್ಲಿ ಅವನು ರೊಟ್ಟಿ ಬಿಟ್ಟ. ನೀರು ಮಾತ್ರ ಬಹಳ ಕುಡಿಯುತ್ತಿದ್ದ. ದನದ ಡಾಕ್ಟರರು ಬಂದು ನೋಡಿ, ಮೂತ್ರಪಿಂಡ ಸೋತಿವೆ, ವಯಸ್ಸೂ ಆಗಿದೆ ಎಂದರು. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದ ನಾನು ಶನಿವಾರ ಊರಿಗೆ ಬಂದೆ. ಎಂದಿನಂತೆ ಬಸ್ಸಿನ ಹತ್ತಿರ ಅವನಿರಲಿಲ್ಲ. ಬಣವಿಯ ಪಕ್ಕ ಮಲಗಿದ್ದವನು ನನ್ನನ್ನು ನೋಡಿ ಬಾಲವನ್ನು ಎರಡು ಸಲ ನೆಲಕ್ಕೆ ಬಡಿದ, ಅಷ್ಟೇ. ರವಿವಾರ ಬೆಳಗಿನ ಜಾವ ಅಲ್ಲಿಯೇ ಹೋದ. ತಂಗಿ ಇನ್ನೂ ಎದ್ದಿರಲಿಲ್ಲ.

ಅಪ್ಪ ಮೆಲುದನಿಯಲ್ಲಿ ಹೇಳಿದರು: ‘ಕೂಸು ಏಳೂದ್ರಾಗ ಹೊಲಕ್ಕ ಒಯ್ದು ಬಿಡೋಣು. ಕುರಿಗಾರರ ಸಂಗಡ ಹೋಗ್ಯಾನ ಅಂತ ಹೇಳಿದ್ರಾತು.’ ಮಗಳ ಮೇಲಿನ ಮಾಯೆಯಿಂದ ಬಂದ ಮಾತು ಅದು. ಅವ್ವನೂ ತಲೆಯಾಡಿಸಿದಳು. ಆಯಿ ಒಪ್ಪಲಿಲ್ಲ.

‘ಸುಳ್ಳು ಹೇಳಿದ್ರ ದಿನಾ ಬಾಗಲದಾಗ ಕುಂತು ಅವನ ಹಾದಿ ನೋಡತಾಳಪಾ. ಸತ್ತವರಿಗೆ ಒಮ್ಮೆ ಅತ್ತು ಮುಗಸಬಹುದು. ಬಿಟ್ಟು ಹೋದವರಿಗೆ ಎಷ್ಟು ದಿನಾ ಅಳಬೇಕು? ಎಬ್ಬಸು ಅಕೀನ್ನ’ ಎಂದಳು.

ಸಾಲಿಯ ಮುಖ ನೋಡದ ನಮ್ಮ ಆಯಿ ಅಂದು ಹೇಳಿದ್ದು ಎಷ್ಟು ಖರೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಐದಾರು ವರ್ಷದೊಳಗಿನ ಮಕ್ಕಳಿಗೆ ಸಾವು ಎಂದರೆ ಮರಳಿ ಬಾರದ್ದು ಎಂಬುದು ಸಾಮಾನ್ಯವಾಗಿ ಪೂರ್ತಿ ತಿಳಿಯುವುದಿಲ್ಲ. ಹೋದದ್ದು ನಾಳೆ ಬಂದೀತೆಂದೇ ಅವರ ನಂಬಿಕೆ. ‘ಮಲಗಿದೆ’ ಎಂದರೆ ಏಳುತ್ತದೆಂದು ಕಾಯುತ್ತಾರೆ. ಕೆಲವರಿಗೆ ತಾವೇ ಮಲಗಲು ಹೆದರಿಕೆ ಹುಟ್ಟುತ್ತದೆ. ‘ಓಡಿಹೋಯಿತು’ ಎಂದರೆ ತಮ್ಮಿಂದ ಏನೋ ತಪ್ಪಾಗಿದ್ದಕ್ಕೆ ಹೋಯಿತೆಂದು ಒಳಗೊಳಗೇ ಕೊರಗುತ್ತಾರೆ. ಅದಕ್ಕೇ ಮಕ್ಕಳ ಮನಸ್ಸು ಬಲ್ಲವರು, ಸತ್ತಿತು ಎಂಬ ಮಾತನ್ನೇ ಮೆತ್ತಗೆ, ನೇರವಾಗಿ ಹೇಳಿ ಎನ್ನುತ್ತಾರೆ.

ತಂಗಿಯನ್ನು ಎಬ್ಬಿಸಿದೆವು. ಬಂದು ನೋಡಿದಳು, ಮುಟ್ಟಿದಳು, ‘ತಣ್ಣಗಾಗ್ಯಾನ’ ಎಂದಳು. ಆಮೇಲೆ ಅತ್ತಳು. ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಅಪ್ಪ, ನಾನು ಆಳುದ್ದಕ್ಕೆ ತುಸು ಕಡಿಮೆ ಆಳದ ಕುಣಿ ತೋಡಿದೆವು. ಹಳೆಯ ಕೌದಿಯಲ್ಲಿ ಸುತ್ತಿ ಇಳಿಸಿದೆವು. ಆಯಿ ತಂಗಿಯ ಮುಷ್ಟಿಗೆ ಮಣ್ಣು ಕೊಟ್ಟು ಹಾಕಿಸಿದಳು. ಹಾದಿಯಲ್ಲಿ ಹೊರಟವರೊಬ್ಬರು ನಿಂತು, ‘ನಾಯೀಗೂ ಇಷ್ಟೆಲ್ಲಾ ಮಾಡ್ತಾರೇನು?’ ಎಂದು ನಕ್ಕರು. ಯಾರೂ ಉತ್ತರ ಕೊಡಲಿಲ್ಲ.

ಉತ್ತರ ಸಿಕ್ಕಿದ್ದು ಮರುದಿನ ಶಾಲೆಯಲ್ಲಿ. ತಂಗಿಯ ಬಾಡಿದ ಮುಖ ಕಂಡು ಕಾರಣ ಕೇಳಿದ ಕನ್ನಡ ಮಾಸ್ತರು ಅಂದಿನ ಪಾಠವನ್ನು ಬದಿಗಿಟ್ಟು ಇಡೀ ವರ್ಗಕ್ಕೆ ಆತಕೂರಿನ ಕಲ್ಲಿನ ಕಥೆ ಹೇಳಿದರಂತೆ. ಮಂಡ್ಯ ಜಿಲ್ಲೆಯ ಮದ್ದೂರು ಸೀಮೆಯ ಆತಕೂರು ಅದು. ಸುಮಾರು ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಕಾಳಗ ನಡೆಯಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ. ಬೂತುಗನ ಕಡೆಯ ಮಣಲೆರ ಎಂಬ ವೀರ ಆ ಯುದ್ಧದಲ್ಲಿ ಪರಾಕ್ರಮ ಮೆರೆದ. ಮೆಚ್ಚಿದ ಬೂತುಗ ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ನಾಯಿಯನ್ನು! ಆ ನಾಯಿಯನ್ನು ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಜೊತೆಯಲ್ಲೇ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿದ. ಕೆರೆಯ ಕೆಳಗಿನ ಎರಡು ಖಂಡುಗ ಭೂಮಿ ಬಿಟ್ಟ. ಆ ಭೂಮಿಯನ್ನು ಉಣ್ಣುವ ಗೊರವ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟುಮಾಡಿ, ಅದನ್ನೂ ಕಲ್ಲಿನಲ್ಲೇ ಬರೆಸಿದ. ನಾಯಿ, ಹಂದಿ ಸೆಣಸುವ ಚಿತ್ರ ಕೊರೆದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸಾವಿರ ವರ್ಷದ ಹಿಂದೆ ಯುದ್ಧ ಗೆದ್ದ ಒಬ್ಬ ಗಂಡಸು, ಮಂದಿ ಏನೆಂದಾರು ಎಂದು ನೋಡದೆ ತನ್ನ ನಾಯಿಗೆ ಕಲ್ಲು ನೆಟ್ಟ. ಹಾಗಿರುವಾಗ ಒಂಬತ್ತು ವರ್ಷದ ಹುಡುಗಿ ಅತ್ತರೆ ನಗುವವರು ನಾವು ಯಾರು?

ಆ ಸಂಜೆ ತಂಗಿ ಆಯಿಯ ಮುಂದೆ ಇನ್ನೊಂದು ಪ್ರಶ್ನೆ ಇಟ್ಟಳು. ಆಯಿ ಹಿಂದೆ ಹೇಳಿದ್ದ ಧರ್ಮರಾಯನ ಕಥೆ ಅವಳಿಗೆ ನೆನಪಿತ್ತು. ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಬಾ ಎಂದರೆ ಅವನು ಒಲ್ಲೆ ಎಂದ; ಕಡೆಗೆ ಆ ನಾಯಿ ಧರ್ಮದೇವತೆಯೇ ಆಗಿತ್ತು. ‘ಅದು ದೇವರ ನಾಯಿ. ನಮ್ಮ ಮೋತ್ಯಾ ಬರೇ ನಾಯಿ ಅಲ್ಲ?’ ಎಂದಳು. ಆಯಿ ತುಸು ಹೊತ್ತು ಸುಮ್ಮನಿದ್ದು, ‘ಧರ್ಮರಾಯಗ ಅದು ದೇವರು ಅನ್ನೂದು ಎಲ್ಲಿ ಗೊತ್ತಿತ್ತು, ನನ್ನವ್ವಾ? ಬರೇ ನಾಯಿ ಅಂತ ತಿಳದನ ಅಂವ ಕೈ ಬಿಡಲಿಲ್ಲ’ ಎಂದಳು.

ಹಾಗೆಂದ ಆಯಿಯೇ ಮುಂದಿನ ಹದಿನೈದು ದಿನ ರೊಟ್ಟಿಯ ಲೆಕ್ಕ ತಪ್ಪುತ್ತಿದ್ದಳು. ಕೊನೆಗೊಂದು ಹೆಚ್ಚಾಗುತ್ತಿತ್ತು. ಅವ್ವ ಅದನ್ನು ಮಾತಾಡದೆ ಎತ್ತಿ ಎಮ್ಮೆಗೆ ಹಾಕುತ್ತಿದ್ದಳು. ಅಪ್ಪ ಸರಪಳಿಯನ್ನು ಗೂಟದಿಂದ ಬಿಚ್ಚಲೇ ಇಲ್ಲ. ಪರಿಚಯದವರು ‘ಇನ್ನೊಂದು ಮರಿ ತರ್ರಿ, ಮರತಾಳ’ ಎಂದರು. ಅಪ್ಪ, ‘ಆಕಿ ಕೇಳಿದಾಗ ತರತೀನಿ’ ಎಂದರು. ತಂಗಿ ಕೇಳಿದ್ದು ಎರಡು ವರ್ಷದ ನಂತರ. ಹೊಸ ಮರಿ ಹಳೆಯ ನಾಯಿಯ ಜಾಗ ತುಂಬಲು ಬರುವುದಲ್ಲ, ತನ್ನದೇ ಜಾಗ ಮಾಡಿಕೊಳ್ಳಲು ಬರುತ್ತದೆ. ಅದು ಬರುವ ಮೊದಲು ಹಳೆಯದರ ದುಃಖ ತೀರಿರಬೇಕು.

ಆ ಎರಡು ವರ್ಷಗಳ ನಡುವೆಯೇ, 1999ರಲ್ಲಿ, ಆಯಿ ತೀರಿಕೊಂಡಳು. ಮನೆ ತುಂಬ ಬೀಗರು, ಬಳಗ. ಚಿಕ್ಕ ಮಕ್ಕಳನ್ನು ನೆರೆಮನೆಗೆ ಕಳಿಸುವ ಮಾತು ಬಂತು. ಹತ್ತು ವರ್ಷದ ತಂಗಿ ಹೋಗಲಿಲ್ಲ. ಆಯಿಯ ಕೈ ಮುಟ್ಟಿ ನೋಡಿದಳು, ಪಕ್ಕದಲ್ಲಿ ಕೂತು ಅತ್ತಳು. ಹೊಲದಲ್ಲಿ ಮಣ್ಣು ಕೊಡುವಾಗ ಯಾರೂ ಹೇಳದೆ ತಾನೇ ಬಗ್ಗಿ ಮುಷ್ಟಿ ತುಂಬಿಕೊಂಡಳು. ಹೇಗೆ ಕೊಡಬೇಕೆಂದು ಅವಳಿಗೆ ಆಯಿಯೇ ಕಲಿಸಿದ್ದಳಲ್ಲ! ಅವಳಿಗಿಂತ ದೊಡ್ಡವರಾದ ನಾವು ಆ ದಿನ ಅವಳನ್ನು ನೋಡಿ ಧೈರ್ಯ ತಂದುಕೊಂಡೆವು.

ತಾಯಿ ತಂದೆಯರಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ. ಮಕ್ಕಳಿಗೆ ಈಜು ಕಲಿಸುವಾಗ ಮೊದಲು ಆಳ ಕಡಿಮೆಯಿರುವ ನೀರಿಗೆ ಇಳಿಸುತ್ತೇವೆ. ಸಾವಿನ ವಿಷಯದಲ್ಲಿ ಮನೆಯ ನಾಯಿ ಆ ಕಡಿಮೆ ನೀರು. ಅಲ್ಲಿ ನಿಜ ಹೇಳಿ, ಪಕ್ಕದಲ್ಲಿ ನಿಂತು ಅಳಗೊಟ್ಟರೆ ಮುಂದೆ ಆಳದ ನೀರು ಬಂದಾಗ ಅವರು ಮುಳುಗುವುದಿಲ್ಲ. ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮ್ಮ ಗೆಳೆಯನ ಮನೆಯ ನಾಯಿ ಸತ್ತಾಗ ನಗಬೇಡಿ. ‘ಏನಂತ ಕರೀತಿದ್ದಿ ಅದನ್ನ?’ ಎಂದು ಕೇಳಿ, ಸಾಕು. ಹೆಸರು ಹೇಳುವಾಗಲೇ ಅವನ ಎದೆಯ ಭಾರ ಅರ್ಧ ಇಳಿಯುತ್ತದೆ.

ನಮ್ಮ ಬದುವಿನ ಬೇವಿನ ಗಿಡದ ಬುಡಕ್ಕೆ ತಂಗಿ ಆಗಲೇ ಹಳ್ಳದಿಂದ ಒಂದು ಕಲ್ಲು ತಂದು ಇಟ್ಟಿದ್ದಳು. ಸುಣ್ಣದಲ್ಲಿ ಬರೆದ ಹೆಸರು ಮೊದಲ ಮಳೆಗೇ ತೊಳೆದುಹೋಯಿತು. ಕಲ್ಲು ಇದೆ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುವಾಗ ಅವ್ವ ಅದರ ಮೇಲೆ ಒಂದು ಕಡುಬು ಇಟ್ಟು ಬರುತ್ತಾಳೆ.