ಒಲಾಯಾ ಕಂತು 9: ಏಳನೇ ನರ ಮತ್ತು ನಮ್ಮೂರಿನ ಲಕ್ವ

ಈ ಸಲದ ಕಂತು ಸ್ವಲ್ಪ ಪಾಠದ ಥರ ಇದೆ, ಬೇಜಾರು ಮಾಡ್ಕೋಬೇಡಿ. ಪೂರ್ತಿ ಓದಿ, ಆಮೇಲೆ ಮನೇಲಿರೋ ಹಿರಿಯರಿಗೂ ಒಂದು ಸಲ ಓದಿ ಹೇಳಿ.

ಮೆದುಳಿನಿಂದ ನೇರವಾಗಿ ಹೊರಡೋ ನರಗಳು ಹನ್ನೆರಡು ಜೊತೆ. ಮೂಗಿಗೆ, ಕಣ್ಣಿಗೆ, ಕಿವಿಗೆ, ನಾಲಿಗೆಗೆ, ಗಂಟಲಿಗೆ ಹೋಗೋದೆಲ್ಲ ಇವೇ. ಬಿಎಸ್ಸಿ ನರ್ಸಿಂಗ್ ಮೊದಲ ವರ್ಷದಲ್ಲಿ ಇವುಗಳ ಹೆಸರನ್ನ ಮಗ್ಗಿ ಥರ ಉರು ಹೊಡೆದಿದ್ವಿ. ಸೌದಿಗೆ ಬರೋಕೆ ಪ್ರೊಮೆಟ್ರಿಕ್ ಪರೀಕ್ಷೆ ಕಟ್ಟಿದಾಗ ಇನ್ನೊಂದು ಸಲ ಉರು ಹೊಡೆದೆ. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಆಶ್ಚರ್ಯ ಆಗಿದ್ದು ಏನು ಗೊತ್ತಾ? ಶಾಲೆ ಮೆಟ್ಟಿಲು ಹತ್ತದ ಅಜ್ಜಿ ಕೂಡ ಆಸ್ಪತ್ರೆಗೆ ಬಂದು “ಅಸಬ್ ಸಾಬಿ” ಅಂತಾರೆ. ಅಸಬ್ ಅಂದ್ರೆ ನರ, ಸಾಬಿ ಅಂದ್ರೆ ಏಳನೇದು. ಮುಖ ಒಂದು ಕಡೆ ಸೊಟ್ಟಗಾಗೋ ಕಾಯಿಲೆಗೆ ಇಲ್ಲಿನ ಜನ ಇಟ್ಟಿರೋ ಹೆಸರೇ ‘ಏಳನೇ ನರ’! ಪುಸ್ತಕದಲ್ಲಿ ಅದು ಬೆಲ್ಸ್ ಪಾಲ್ಸಿ. 1821ರಲ್ಲಿ ಮುಖದ ನರಗಳ ಬಗ್ಗೆ ಬರೆದ ಸರ್ ಚಾರ್ಲ್ಸ್ ಬೆಲ್ ಅನ್ನೋ ಸ್ಕಾಟ್ಲೆಂಡಿನ ಸರ್ಜನ್ ಹೆಸರು ಅದಕ್ಕೆ ಬಂದಿದೆ.

ನಮ್ಮಲ್ಲಿ ಇದಕ್ಕೆ ಏನಂತೀವಿ? ಲಕ್ವ. ಕೈಕಾಲು ಬಿದ್ದುಹೋದರೂ ಲಕ್ವ, ಬರೀ ಬಾಯಿ ಸೊಟ್ಟಗಾದರೂ ಲಕ್ವ. ತಮಾಷೆ ಅಂದ್ರೆ, ‘ಲಕ್ವ’ ಅರಬ್ಬೀ ಪದ. ಅರಬ್ಬಿಯಲ್ಲಿ ಅದರ ಅರ್ಥ ಮುಖ ಸೊಟ್ಟಗಾಗೋದು ಅಂತ ಮಾತ್ರ. ಸಾವಿರದ ನೂರು ವರ್ಷದ ಹಿಂದೆ ಬಾಗ್ದಾದಿನಲ್ಲಿ ವೈದ್ಯ ಮಾಡ್ತಿದ್ದ ಅಲ್ ರಾಝಿ ಕೂಡ ಈ ಲಕ್ವದ ಬಗ್ಗೆ ಬರೆದಿದ್ದಾರೆ. ಪದ ಅಲ್ಲಿಂದ ನಮ್ಮೂರು ತಲುಪೋ ಹೊತ್ತಿಗೆ ಇಡೀ ಮೈಗೆ ಹರಡಿಬಿಟ್ಟಿದೆ. ಮೆದುಳಿನ ಸ್ಟ್ರೋಕಿಗೆ ಇಲ್ಲಿನವರು ಬೇರೇನೇ ಪದ ಇಟ್ಕೊಂಡಿದ್ದಾರೆ, ‘ಜಲ್ತಾ’ ಅಂತ. ನಾವು ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದೀವಿ.

ಇದನ್ನ ಬರೆಯೋಕೆ ಕಾರಣ ಸಾಗರದ ನಮ್ಮ ಸೋದರಮಾವ. “ಬರಿ ಮಾರಾಯ್ತಿ, ನಾಲ್ಕು ಜನಕ್ಕೆ ಉಪಯೋಗ ಆಗ್ಲಿ” ಅಂತ ಅವರೇ ಅಂದಿದ್ದಾರೆ, ಅದಕ್ಕೆ ಬರೀತಿದ್ದೀನಿ. ಎರಡು ತಿಂಗಳ ಹಿಂದೆ ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುವಾಗ ನೀರು ಒಂದು ಕಡೆಯಿಂದ ಸೋರಿತಂತೆ. ಕನ್ನಡಿ ನೋಡಿದರೆ ಬಾಯಿ ಸೊಟ್ಟ, ಬಲಗಣ್ಣು ಮುಚ್ಚೋಕೇ ಬರ್ತಿಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಶುರುವಾಯ್ತು. ಒಬ್ಬರು ಗಾಳಿ ಸೋಕಿದೆ ಅಂದ್ರು, ಒಬ್ಬರು ಎಣ್ಣೆ ಹಚ್ಚಿ ಅಂದ್ರು, ಇನ್ನೊಬ್ಬರು ಲಕ್ವಕ್ಕೆ ಔಷಧಿ ಕೊಡೋರು ಇಂಥ ಊರಲ್ಲಿದ್ದಾರೆ, ಭಾನುವಾರ ಮಾತ್ರ ಸಿಗ್ತಾರೆ ಅಂದ್ರು. ಅವತ್ತು ಗುರುವಾರ. ಅತ್ತೆ ಅಂತೂ “ಇನ್ನು ಇವರು ಏಳಲ್ಲ” ಅಂತ ಅಳ್ತಾ ಕೂತಿದ್ರು.

ನಾನು ನೈಟ್ ಡ್ಯೂಟಿಯಲ್ಲಿದ್ದೆ. ನಿಮ್ಮಲ್ಲಿ ಬೆಳಕು ಹರಿದಾಗ ಇಲ್ಲಿ ಇನ್ನೂ ಕತ್ತಲೆ, ಎರಡೂವರೆ ಗಂಟೆ ಹಿಂದೆ ನಾವು. ಬ್ರೇಕಿನಲ್ಲಿ ವಿಡಿಯೋ ಕಾಲ್ ಮಾಡಿ, “ಮಾವ, ಹುಬ್ಬು ಮೇಲೆತ್ತಿ ನೋಡೋಣ” ಅಂದೆ. ಎಡಗಡೆ ಹಣೆಯಲ್ಲಿ ನೆರಿಗೆ ಬಂತು. ಬಲಗಡೆ ಇಸ್ತ್ರಿ ಮಾಡಿದ ಹಾಗೆ ನುಣ್ಣಗೇ ಇತ್ತು. ಎರಡೂ ಕೈ ಮುಂದೆ ಚಾಚಿಸಿದೆ, ಸಮ ಇತ್ತು. ಮಾತು ತೊದಲುತ್ತಿರಲಿಲ್ಲ, ನಡಿಗೆ ಸರಿ ಇತ್ತು. ನನಗೆ ಸ್ವಲ್ಪ ಸಮಾಧಾನ ಆಯ್ತು. ಆದರೂ “ಈಗಲೇ ಹೊರಡಿ, ಶಿವಮೊಗ್ಗಕ್ಕೆ” ಅಂದೆ.

ಹಣೆ ಯಾಕೆ ನೋಡಿದೆ ಅಂತ ಆಮೇಲೆ ತುಂಬಾ ಜನ ಕೇಳಿದ್ರಿ. ಇದನ್ನೊಂದು ಅರ್ಥ ಮಾಡ್ಕೊಂಡ್ರೆ ಸಾಕು. ಮುಖದ ಕೆಳಭಾಗಕ್ಕೆ ಅಪ್ಪಣೆ ಬರೋದು ಮೆದುಳಿನ ಎದುರು ಭಾಗದಿಂದ ಮಾತ್ರ. ಹಣೆಗೆ ಹಾಗಲ್ಲ, ಮೆದುಳಿನ ಎರಡೂ ಕಡೆಯಿಂದ ಲೈನ್ ಇದೆ. ಒಂದು ಕಡೆ ಸ್ಟ್ರೋಕ್ ಆದರೆ ಇನ್ನೊಂದು ಕಡೆಯ ಲೈನ್ ಹಣೆಯನ್ನ ಕಾಪಾಡುತ್ತೆ. ಬಾಯಿ ಸೊಟ್ಟ ಇರುತ್ತೆ, ಹುಬ್ಬು ಮಾತ್ರ ಏಳುತ್ತೆ. ಆದರೆ ಎಲ್ಲಾ ಲೈನ್ ಕೂಡಿ ಒಂದೇ ನರವಾಗಿ ಮೆದುಳಿನಿಂದ ಹೊರಬಂದ ಮೇಲೆ ಪೆಟ್ಟು ಬಿದ್ದರೆ ಹಣೆ, ಕಣ್ಣು, ಬಾಯಿ ಮೂರೂ ಹೋಗುತ್ತೆ. ಅಂದ್ರೆ ಹುಬ್ಬೂ ಏಳದಿದ್ದರೆ, ನೋಡೋಕೆ ಜಾಸ್ತಿ ಭಯ ಆದರೂ, ಹೆಚ್ಚಿನ ಸಲ ಅದು ಬರೀ ನರದ ತೊಂದರೆ. ಹುಬ್ಬು ಚೆನ್ನಾಗಿ ಎದ್ದು ಬಾಯಿ ಮಾತ್ರ ಸೊಟ್ಟ ಇದ್ದರೆ ಅದೇ ನಿಜವಾಗಿ ಭಯಪಡಬೇಕಾದ್ದು.

ಈ ಏಳನೇ ನರದ ದಾರಿ ನೋಡಿದ್ರೆ ಮಾವನ ಉಳಿದ ದೂರುಗಳೂ ಅರ್ಥ ಆಗುತ್ತೆ. ಕಿವಿಯ ಹಿಂದಿನ ಮೂಳೆಯೊಳಗೆ ಸುಮಾರು ಮೂರು ಸೆಂಟಿಮೀಟರ್ ಉದ್ದದ ಇಕ್ಕಟ್ಟಾದ ಸುರಂಗ ಇದೆ. ನರ ಅದರೊಳಗೆ ತೂರಿಕೊಂಡು ಹೋಗಬೇಕು. ಅಲ್ಲಿ ಊದಿಕೊಂಡರೆ ಸುತ್ತ ಮೂಳೆ, ಜಾಗ ಎಲ್ಲಿಂದ ಬರಬೇಕು? ತನ್ನಷ್ಟಕ್ಕೆ ತಾನೇ ಹಿಸುಕಿಕೊಳ್ಳುತ್ತೆ. ಅದಕ್ಕೇ ಎಷ್ಟೋ ಜನಕ್ಕೆ ಕಿವಿ ಹಿಂದೆ ನೋವಿರುತ್ತೆ.

ಮಾವ “ಕುಕ್ಕರ್ ಸೀಟಿ ಕಿವಿಗೆ ಬಡಿದ ಹಾಗಾಗುತ್ತೆ” ಅಂತಿದ್ರು. ಕಿವಿಯೊಳಗೆ ಸುತ್ತಿಗೆ, ಅಡಿಗಲ್ಲು, ರಿಕಾಪು ಅಂತ ಮೂರು ಪುಟ್ಟ ಮೂಳೆಗಳಿವೆ. ರಿಕಾಪು ನಮ್ಮ ಮೈಯಲ್ಲೇ ಅತಿ ಚಿಕ್ಕ ಮೂಳೆ. ಜೋರು ಶಬ್ದ ಬಂದಾಗ ಅದು ಅತಿಯಾಗಿ ಅಲುಗದ ಹಾಗೆ ಹಿಡಿದುಕೊಳ್ಳೋ ಒಂದು ಸ್ನಾಯು ಇದೆ, ಅದನ್ನ ನಡೆಸೋದು ಇದೇ ಏಳನೇ ನರ. ಅದು ಸಡಿಲ ಆದಾಗ ಸಣ್ಣ ಶಬ್ದವೂ ದೊಡ್ಡದಾಗಿ ಕೇಳುತ್ತೆ. ನಾಲಿಗೆಯ ಮುಂಭಾಗದ ರುಚಿ ತರೋ ಎಳೆಯೂ ಇದರದ್ದೇ ಕವಲು. ಕಿವಿ ತಮಟೆಯ ಒಳಮಗ್ಗುಲಲ್ಲೇ ಹಾದುಹೋಗುತ್ತೆ. “ಸಾರಿಗೆ ಉಪ್ಪೇ ಹಾಕಿಲ್ಲ” ಅಂತ ಮಾವ ಅತ್ತೆ ಮೇಲೆ ರೇಗಿದ್ದರಲ್ಲಾ, ಅತ್ತೆ ಉಪ್ಪು ಸರಿಯಾಗೇ ಹಾಕಿದ್ರು!

ಇನ್ನು ಕಣ್ಣು. ರೆಪ್ಪೆ ತೆರೆಯೋದು ಮೂರನೇ ನರ, ಮುಚ್ಚೋದು ಏಳನೇದು. ಮುಚ್ಚೋ ನರ ಸೋತರೆ ಕಣ್ಣು ರಾತ್ರಿಯಿಡೀ ತೆರೆದೇ ಇರುತ್ತೆ. ಮುಚ್ಚೋಕೆ ಹೋದಾಗ ಗುಡ್ಡೆ ಮೇಲಕ್ಕೆ ಹೊರಳಿ ಬಿಳಿ ಮಾತ್ರ ಕಾಣುತ್ತೆ. ಅತ್ತೆ ಹೆದರಿದ್ದು ಅದನ್ನ ನೋಡಿಯೇ. ಅದು ನಮ್ಮಲ್ಲಿ ಹೆಚ್ಚಿನವರಿಗೂ ಆಗುತ್ತೆ, ರೆಪ್ಪೆ ಮುಚ್ಚಿರೋದರಿಂದ ಕಾಣಲ್ಲ ಅಷ್ಟೇ. ನಿಜವಾದ ಅಪಾಯ ಕಣ್ಣು ಒಣಗೋದು. ಕರಿಗುಡ್ಡೆ ಮೇಲಿನ ಪಾರದರ್ಶಕ ಪದರ ಕಾರ್ನಿಯಾ. ಅದಕ್ಕೆ ರಕ್ತನಾಳ ಇಲ್ಲ, ಕಣ್ಣೀರೇ ಅದರ ಕಾವಲು. ಒಣಗಿ ಹುಣ್ಣಾದರೆ ಮುಖ ಸರಿಹೋದರೂ ದೃಷ್ಟಿ ಹೋಗಬಹುದು. ಅದಕ್ಕೇ ಹಗಲು ಡ್ರಾಪ್ಸ್, ರಾತ್ರಿ ಆಯಿಂಟ್‌ಮೆಂಟ್ ಹಾಕಿ ರೆಪ್ಪೆ ಮುಚ್ಚಿ ಟೇಪ್. ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಕಣ್ಣಿನ ಹತ್ತಿರ ತರಬೇಡಿ.

ಮಾವನಿಗೆ ಸ್ಕ್ಯಾನ್ ಮಾಡಿದ್ರು, ಮೆದುಳಿನಲ್ಲಿ ಏನೂ ಇರಲಿಲ್ಲ. ಅವತ್ತೇ ಸ್ಟೀರಾಯ್ಡ್ ಮಾತ್ರೆ ಶುರುವಾಯ್ತು. ಅದು 72 ಗಂಟೆಯೊಳಗೆ ಶುರುವಾದರೇ ಹೆಚ್ಚು ಉಪಯೋಗ. ಭಾನುವಾರಕ್ಕೆ ಕಾದಿದ್ರೆ ಆ ಹೊತ್ತು ಮೀರುತ್ತಿತ್ತು. ಮಾವನಿಗೆ ಶುಗರ್ ಇದೆ, ಶುಗರ್ ಇದ್ದೋರಿಗೆ ಈ ಕಾಯಿಲೆ ಬರೋ ಸಾಧ್ಯತೆಯೂ ಜಾಸ್ತಿ. ಮಾತ್ರೆಯಿಂದ ಶುಗರ್ ಏರುತ್ತೆ ಅಂತ ದಿನಾ ನೋಡ್ಕೊಂಡ್ರು. ಈಗ ಕಣ್ಣು ಪೂರ್ತಿ ಮುಚ್ಚುತ್ತೆ, ಕಾಫಿ ಸೋರಲ್ಲ. ಶಿಳ್ಳೆ ಹಾಕೋಕೆ ಮಾತ್ರ ಇನ್ನೂ ಬರ್ತಿಲ್ಲ ಅಂತ ಅವರ ಬೇಜಾರು.

ಹಾಗಂತ ಇಲ್ಲಿನವರ ಹೆಸರೇ ಒಳ್ಳೇದು ಅಂತ ಹೇಳ್ತಿಲ್ಲ. ಇಲ್ಲೂ ಜನ “ಏಸಿ ಗಾಳಿ ಬಡಿದಿದೆ, ಅಸಬ್ ಸಾಬಿ, ತಾನಾಗೇ ಹೋಗುತ್ತೆ” ಅಂತ ಮನೆಯಲ್ಲೇ ಇಟ್ಕೊಂಡಿರ್ತಾರೆ. ಹಾಗೇ ಒಬ್ಬ ಹಿರಿಯ ಹೆಂಗಸನ್ನ ಮನೆಯವರು ಒಂದಿಡೀ ದಿನ ಕಳೆದು ಕರೆತಂದ್ರು. ನಾನು ಪರದೆ ಎಳೆದು, ಗಂಡಸರನ್ನ ಹೊರಗೆ ಕಳಿಸಿ, ಅವರ ನಿಕಾಬ್ ತೆಗೆಸಿದೆ. “ಗಮ್ಮಿದಿ ಉಯೂನಿಕ್” ಅಂದೆ, ಅಂದ್ರೆ ಕಣ್ಣು ಮುಚ್ಚಿ ಅಂತ. ಎರಡೂ ಕಣ್ಣು ಮುಚ್ಚಿದ್ರು. ಹುಬ್ಬು ಎತ್ತಿ ಅಂದೆ, ಎರಡೂ ಎದ್ದವು. “ಇಬ್ತಸಿಮಿ”, ಒಂದು ಸಲ ನಗಿ ಅಂದಾಗ ಬಾಯಿ ಒಂದೇ ಕಡೆ ಹೋಯ್ತು. ಕೈ ಎತ್ತಿಸಿದರೆ ಒಂದು ಕೈ ಮೆಲ್ಲಗೆ ಕೆಳಗಿಳಿಯಿತು. ಅದು ಜಲ್ತಾ. ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಕೊಡೋದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ. ಆ ಹೊತ್ತು ಯಾವತ್ತೋ ಮುಗಿದಿತ್ತು. ಅವರ ಮಗಳು ನನ್ನ ಕೈ ಹಿಡಿದು “ಏಳನೇ ನರ ತಾನೇ?” ಅಂತ ಮತ್ತೆ ಮತ್ತೆ ಕೇಳಿದ್ರು. ಆ ಮುಖ ಮರೆಯೋಕಾಗಲ್ಲ.

ಅಲ್ಲಿ ಹೆಸರು ಧೈರ್ಯ ಕೊಟ್ಟು ಹೊತ್ತು ಕಳೆಸಿತು. ನಮ್ಮಲ್ಲಿ ಹೆಸರು ಹೆದರಿಸಿ ನಾಟಿ ವೈದ್ಯರ ಮನೆಗೆ ಕಳಿಸುತ್ತೆ. ಅದಕ್ಕೇ ನನ್ನ ಬೇಡಿಕೆ ಇಷ್ಟೇ: ಮನೇಲಿ ಯಾರದ್ದಾದರೂ ಮುಖ ಸೊಟ್ಟಗಾದರೆ ಹೆಸರಿಡೋಕೆ ಹೋಗಬೇಡಿ. ನಗಿಸಿ ನೋಡಿ, ಹುಬ್ಬು ಎತ್ತಿಸಿ, ಎರಡೂ ಕೈ ಚಾಚಿಸಿ, ಒಂದು ವಾಕ್ಯ ಮಾತಾಡಿಸಿ, ಶುರುವಾದ ಟೈಮ್ ಬರೆದಿಟ್ಟುಕೊಳ್ಳಿ. ಹಣೆ ಅಲುಗಿದರೂ ಸರಿ, ಅಲುಗದಿದ್ದರೂ ಸರಿ, ಆಸ್ಪತ್ರೆಗೆ ಹೋಗಿ. ಮೆದುಳಿನ ಬುಡದಲ್ಲಿ, ಈ ನರ ಹುಟ್ಟೋ ಜಾಗದಲ್ಲೇ ಸ್ಟ್ರೋಕ್ ಆದರೆ ಹಣೆಯೂ ಬೀಳಬಹುದು. ಅದನ್ನ ಫೋನಿನಲ್ಲಿ ನಾನೂ ಹೇಳಲಾರೆ, ಡಾಕ್ಟರೇ ನೋಡಬೇಕು. ಕೈ ಬಿದ್ದರೆ, ಮಾತು ತೊದಲಿದರೆ, ಒಂದು ನಿಮಿಷವೂ ಯೋಚಿಸದೆ 108. ಕಿವಿಯಲ್ಲಿ ಗುಳ್ಳೆ ಎದ್ದಿದ್ದರೆ, ಕಿವಿ ಮಂದ ಆಗಿ ತಲೆ ತಿರುಗ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಪಕ್ಕದ ಎಂಟನೇ ನರಕ್ಕೂ ತಾಗಿರಬಹುದು.

ಪ್ರೊಮೆಟ್ರಿಕ್‌ಗೆ ಓದ್ತಿರೋ ನಮ್ಮೂರ ಹುಡುಗಿಯರಿಗೆ ಒಂದು ಮಾತು: ಹನ್ನೆರಡರ ಪಟ್ಟಿ ಉರು ಹೊಡೀರಿ, ಬೇಡ ಅನ್ನಲ್ಲ. ಆದರೆ ಕನ್ನಡಿ ಮುಂದೆ ನಿಂತು ಹುಬ್ಬು ಎತ್ತಿ, ಕಣ್ಣು ಮುಚ್ಚಿ, ಕೆನ್ನೆ ಊದಿ, ನಾಲಿಗೆ ಚಾಚಿ ನೋಡಿ. ಯಾವುದು ಎಷ್ಟನೇ ನರ ಅಂತ ಹೇಳ್ಕೊಳ್ಳಿ. ಮರೆಯೋದೇ ಇಲ್ಲ.

ಇವತ್ತಿಗೆ ಇಷ್ಟು ಸಾಕು, ಡ್ಯೂಟಿಗೆ ಹೊತ್ತಾಯ್ತು. ಮಾವ, ಕಮೆಂಟಿನಲ್ಲಿ ನಿಮ್ಮ ಈಗಿನ ನಗುವಿನ ಫೋಟೋ ಹಾಕಿ.