ದಿನಕ್ಕೊಂದೇ ಸಲ

ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಕಾರಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ ಆಗಬೇಕು. ಎಂಜಿನ್ ದೀಪ ಹೊತ್ತಿದ್ದರೆ ಫೇಲು. ಫೇಲಾದರೆ ನೋಂದಣಿ ನವೀಕರಣವಿಲ್ಲ. ನನ್ನ ಕಾರಿನಲ್ಲಿ ಹೊತ್ತಿತ್ತು. ಕೋಡ್ ಪಿ0411: ಸೆಕೆಂಡರಿ ಏರ್ ಹರಿವು ಸರಿಯಿಲ್ಲ. 'ಪಂಪ್ ಬದಲಿಸಿ' ಎಂದ ಗ್ಯಾರೇಜಿನವರು ಕೇಳಿದ್ದು ನನ್ನ ಅರ್ಧ ತಿಂಗಳ ಫೆಲೋಶಿಪ್.

ಈ ಪಂಪಿಗೆ ಕೆಲಸವಿರುವುದು ತಣ್ಣಗಿನ ಎಂಜಿನ್ ಶುರುವಾದ ಮೇಲಿನ ಒಂದೆರಡು ನಿಮಿಷ ಮಾತ್ರ. ಆಗ ಪೆಟ್ರೋಲು ಪೂರ್ತಿ ಉರಿಯುವುದಿಲ್ಲ. ಹೊಗೆಯ ದಾರಿಗೆ ಗಾಳಿ ಊದಿದರೆ ಉಳಿದದ್ದು ಅಲ್ಲೇ ಉರಿದು, ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗುತ್ತದೆ. ಹಾಗಾಗಿ ಪರೀಕ್ಷೆಯೂ ದಿನಕ್ಕೊಂದೇ ಸಲ, ಬೆಳಿಗ್ಗೆ. ನನ್ನ ಪ್ರಯೋಗಾಲಯವೇ ಇದಕ್ಕಿಂತ ಉದಾರಿ.

ಕಿವಿಗೊಟ್ಟೆ, ಗುಂಯ್ ಎನ್ನುವ ಸದ್ದಿಲ್ಲ. ಫ್ಯೂಸ್, ರಿಲೇ ಸರಿಯಿದ್ದವು. ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟರೂ ಪಂಪ್ ಅಲುಗಲಿಲ್ಲ. ಗ್ಯಾರೇಜಿನವರ ಮಾತು ನಿಜವೇ. ಆದರೆ ಬಿಚ್ಚಿ ಬಗ್ಗಿಸಿದಾಗ ನೀರು ಸುರಿಯಿತು. ಗಾಳಿಯ ಪಂಪಿಗೆ ನೀರೆಲ್ಲಿಂದ? ಹೊಗೆಯಲ್ಲಿ ನೀರಾವಿ ಇರುತ್ತದೆ. ಅದು ಹಿಂದಕ್ಕೆ ಬಾರದಂತೆ ಒಂದು ವಾಲ್ವ್ ತಡೆಯಬೇಕು. ಮುಚ್ಚಿರಬೇಕಾದ ಆ ವಾಲ್ವಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಊದಿದೆ. ಉಸಿರು ಸಲೀಸಾಗಿ ಆಚೆ ಹೋಯಿತು! ಪಂಪ್ ಮಾತ್ರ ಬದಲಿಸಿದ್ದರೆ ಹೊಸದಕ್ಕೂ ಇದೇ ಗತಿ. ಕೋಡಿಗೆ ಗೊತ್ತಿದ್ದದ್ದು ಗಾಳಿ ಬರಲಿಲ್ಲ ಎಂಬುದಷ್ಟೇ.

ಎರಡನ್ನೂ ತರಿಸಿ ನಾನೇ ಕೂರಿಸಿದೆ, ಕೂಲಿಯಾದರೂ ಉಳಿಯಿತು. ಮರುದಿನ ಬೆಳಿಗ್ಗೆ ಪಂಪ್ ಎಷ್ಟು ಜೋರಾಗಿ ಗುಂಯ್‌ಗುಟ್ಟಿತೆಂದರೆ ಮೇಲಿನ ಮನೆಯ ಅಜ್ಜಿ ಕಿಟಕಿ ಮುಚ್ಚಿಕೊಂಡರು. ಕೋಡ್ ಅಳಿಸಿದ ಕೂಡಲೇ ತಪಾಸಣೆಗೆ ಓಡುವಂತೆಯೂ ಇಲ್ಲ. ಕಾರಿನ ಕಂಪ್ಯೂಟರು ತನ್ನ ಸ್ವಂತ ಪರೀಕ್ಷೆಗಳನ್ನು ಮುಗಿಸಬೇಕು. ಅದಕ್ಕೂ ತಣ್ಣಗಿನ ಬೆಳಗುಗಳೇ ಬೇಕು.