ವೀರಾಪುರದ ದಾರಿಯಲ್ಲಿ ಮೊಮ್ಮಗನೊಡನೆ

ಕನಕಪುರದ ನಮ್ಮ ಮನೆಯಿಂದ ಹೊರಟು, ರಾಮನಗರ ಚನ್ನಪಟ್ಟಣಗಳ ಮಾರ್ಗವಾಗಿ ಮಾಗಡಿ ತಾಲ್ಲೂಕಿನ ವೀರಾಪುರವನ್ನು ದರ್ಶಿಸಿ ಬರುವ ಸಂಕಲ್ಪ ನಮ್ಮದಾಗಿತ್ತು. ಜೊತೆಯಲ್ಲಿ ಸೊಸೆಯೂ ಒಂಬತ್ತು ವರ್ಷದ ಮೊಮ್ಮಗನೂ ಇದ್ದರು. ಮಗುವಿಗೆ ಆಟಿಸಂ ಇದೆ. ಎರಡು ವರ್ಷಗಳ ಹಿಂದೆ ಬಂಧುಗಳ ಮದುವೆಯಲ್ಲಿ ಅವನು ಕಿವಿ ಮುಚ್ಚಿಕೊಂಡು ಚೀರಿದಾಗ, ತಾಯಿ ಬೆಳೆಸಿದ ರೀತಿ ಸರಿಯಿಲ್ಲವೆಂದು ಆಡಿಕೊಂಡವರುಂಟು. ಮಗುವನ್ನು ಗದರಿದವರಲ್ಲಿ ನಾವೂ ಒಬ್ಬರು. ಅಂದಿನಿಂದ ಸೊಸೆ ಯಾವ ಶುಭಕಾರ್ಯಕ್ಕೂ ಹೋಗಿರಲಿಲ್ಲ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಜನಸಂದಣಿ, ಕೂಗಾಟ, ಗೂಡಿನ ವಾಸನೆಗಳ ನಡುವೆ ಮೊಮ್ಮಗ ಬಾಗಿಲಲ್ಲೇ ಕಿವಿ ಮುಚ್ಚಿ ಕುಳಿತುಬಿಟ್ಟನು. ಈ ಸಲ ನಾವು ಗದರಲಿಲ್ಲ. ಹೊರಗೆ ನೆರಳಿಗೆ ಕರೆದೊಯ್ದು ಸುಮ್ಮನೆ ಜೊತೆಯಲ್ಲಿ ಕುಳಿತೆವು. ತುಸು ಹೊತ್ತಿನಲ್ಲಿ ಶಾಂತನಾದನು. ನಮಗೆ ಸಾಧಾರಣವೆನಿಸುವ ಸದ್ದು, ಬೆಳಕು, ವಾಸನೆಗಳು ಇಂಥ ಅನೇಕರಿಗೆ ಸಹಿಸಲಾಗದಷ್ಟು ತೀವ್ರವಾಗಿರುತ್ತವೆ. ನಾವು ಹಟವೆಂದು ಬಗೆದದ್ದು ಅವನ ಸಂಕಟವಾಗಿತ್ತು.

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರೊಬ್ಬರ ಮನೆಗೆ ಹೋದೆವು. ಲೇತಿನಲ್ಲಿ ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ಕೇದಗೆ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಒಂದೇ ಸಮನಾದ ಆ ಸದ್ದು ಮಗುವಿಗೆ ತೊಂದರೆಯೆನಿಸಲಿಲ್ಲ. ಅವನು ಬುಗುರಿಗಳನ್ನು ಬಣ್ಣಕ್ಕನುಸಾರವಾಗಿ ಸಾಲಾಗಿ ಜೋಡಿಸುತ್ತ ಕುಳಿತನು. ಎರಡು ಬಾರಿ ಕೇಳಿದರೂ ಹೆಸರು ಹೇಳಲಿಲ್ಲ. "ಹೇಳದಿದ್ರೆ ಬಿಡಿ ಯಜಮಾನ್ರೇ, ಬಣ್ಣ ಚೆನ್ನಾಗಿ ಬಲ್ಲ" ಎಂದು ಅವರು ಇನ್ನೊಂದು ಹಿಡಿ ಬುಗುರಿಗಳನ್ನು ಮುಂದಿಟ್ಟರು.

ಆಟಿಸಂ ಅಂಟುವ ರೋಗವಲ್ಲ, ಪೂರ್ವಜನ್ಮದ ಫಲವೂ ಅಲ್ಲ. ಮಿದುಳಿನ ಬೆಳವಣಿಗೆಯಲ್ಲಿ ಮೊದಲಿನಿಂದಲೇ ಇರುವ ಭಿನ್ನತೆ. ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಇದನ್ನು ವಿವರಿಸಿದ ಬಳಿಕ, ತಾಯಿಯ ಮಮತೆ ಸಾಲದೆ ಹೀಗಾಗುತ್ತದೆಂಬ ದೂಷಣೆ ಹಲವು ವರ್ಷ ನಡೆಯಿತು. ಅದು ತಪ್ಪೆಂದು ಸಿದ್ಧವಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಸಂದೇಹವಿದ್ದವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಗುವನ್ನು ತೋರಿಸಬಹುದು.

ರಾತ್ರಿ ಮಾಗಡಿಯ ಬಂಧುಗಳ ಮನೆಯಲ್ಲಿ ತಂಗಿದೆವು. ನಾಳೆ ಎಲ್ಲಿಗೆ, ಎಷ್ಟು ಹೊತ್ತು ಎಂಬುದನ್ನು ಸೊಸೆ ಮಗುವಿಗೆ ಚಿತ್ರ ಬರೆದು ತಿಳಿಸಿದಳು. ಬೆಳಗಿನ ಶಿವಪೂಜೆಗೆ ಗಂಟೆ ಬಾರಿಸಲಿಲ್ಲ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಮೊಮ್ಮಗ ನಮ್ಮ ಪಕ್ಕದಲ್ಲೇ ಕುಳಿತನು.

ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 1907ರ ಏಪ್ರಿಲ್ 1ರಂದು ಜನಿಸಿದ್ದು ವೀರಾಪುರದಲ್ಲಿ. ಅವರ ಜಯಂತಿಯ ಮರುದಿನವೇ, ಏಪ್ರಿಲ್ 2, ವಿಶ್ವ ಆಟಿಸಂ ಜಾಗೃತಿ ದಿನ. ಅನ್ನ, ಅಕ್ಷರ, ಆಶ್ರಯಗಳ ದಾಸೋಹ ನಡೆಸಿದವರ ಊರಿನಲ್ಲಿ ನಿಂತಾಗ ನಮಗೆ ಹೊಳೆದದ್ದಿಷ್ಟು: ಕಾರ್ಯ ನಡೆಸುವವರು ಧ್ವನಿವರ್ಧಕದಿಂದ ದೂರದಲ್ಲಿ ಒಂದು ಕೋಣೆಯನ್ನು ಇಂಥ ಮಕ್ಕಳಿಗಾಗಿ ಬಿಟ್ಟುಕೊಟ್ಟರೆ ಅದೂ ದಾಸೋಹವೇ.

ಹಿಂದಿರುಗುವಾಗ ಸೊಸೆ ಕೇಳಿದಳು: "ಮಾವ, ಮುಂದಿನ ತಿಂಗಳ ಗೃಹಪ್ರವೇಶಕ್ಕೆ ನಾವೂ ಬರೋಣವೇ? ಜನ ಸೇರುವ ಮೊದಲೇ ಹೋಗಿ ಬಂದರಾಯಿತು."